ಒರೆಸುವ ಬಟ್ಟೆ ಎರಡು

ಎಲ್ಲಕ್ಕೂ ಕಾರಣ ಒಂದು ಜೊತೆ ಒರೆಸುವ ಬಟ್ಟೆ. ಲಾರಿ ಕಂಪನಿಯ ಸರ್ವೀಸ್ ಸೆಂಟರಿನವರು ಕೊಟ್ಟ ಅಂದಾಜು ಪಟ್ಟಿಯಲ್ಲಿ ಇಂಜಿನ್ ಆಯಿಲ್, ಫಿಲ್ಟರು, ಗ್ರೀಸು, ಕೂಲಿ ಎಂದು ಹದಿನಾಲ್ಕು ಬಾಬತ್ತುಗಳಿದ್ದವು. ಎಲ್ಲ ಸೇರಿ ಎರಡು ತಿಂಗಳ ಮನೆ ಬಾಡಿಗೆಯಷ್ಟಾಗುತ್ತಿತ್ತು. ಅದನ್ನಾದರೂ ಲಾರಿಯಣ್ಣ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದನೋ ಏನೋ. ಹದಿನೈದನೆಯ ಸಾಲಿನಲ್ಲಿ ‘ಒರೆಸುವ ಬಟ್ಟೆ – ಎರಡು’ ಎಂದು ಬರೆದು ಅದಕ್ಕೂ ದರ ಹಾಕಿದ್ದನ್ನು ಕಂಡಾಗ ಅವನ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಅವನ ಹಳೆಯ ಬನಿಯನ್ನುಗಳೇ ಒಂದು ಮೂಟೆಯಿದ್ದವು.

ಲಾರಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವನಲ್ಲಿದ್ದದ್ದು ನಾಲ್ಕು ಚಕ್ರದ ಸಣ್ಣ ವಾಹನ. ಅದನ್ನು ಲಾರಿ ಎಂದರೆ ನಿಜವಾದ ಲಾರಿಗಳಿಗೆ ಬೇಸರವಾದೀತು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕನ್ನಡಿ ಬೀರುವನ್ನು ಹಾಸಿಗೆಗಳ ನಡುವೆ ನಿಲ್ಲಿಸಿ ಹಗ್ಗ ಬಿಗಿದನೆಂದರೆ ಊರೆಲ್ಲ ಸುತ್ತಿ ಬಂದರೂ ಒಂದು ಗೀರು ಬೀಳುತ್ತಿರಲಿಲ್ಲ. ಲಾರಿಯ ಮೇಲೆ ಏನನ್ನು ಹೇಗೆ ಹೇರಬೇಕೆಂದು ಬಲ್ಲ ಅವನಿಗೆ ಲಾರಿಯ ಅಡಿಯಲ್ಲಿ ಏನೇನಿದೆ ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಆ ಪಟ್ಟಿ ಬರೆದುಕೊಟ್ಟವನು ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ತಮ್ಮ. ಒಂಬತ್ತು ವರ್ಷದಿಂದ ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ, ಅಕ್ಕ ಹೊಲಿದುಕೊಟ್ಟ ಹೂವಿನ ದಿಂಬಿನ ಮೇಲೆ ಕೂತು ಬಿಲ್ಲು ಬರೆಯುತ್ತಿದ್ದ ಸಾಧು ಪ್ರಾಣಿ. ಬಟ್ಟೆಯ ವಿಷಯ ಕೇಳಿದ್ದಕ್ಕೆ ಅವನು ಮೆಲ್ಲಗೆ, “ಎಲ್ಲರಿಗೂ ಮೂರು ಹಾಕ್ತೀವಿ ಭಾವ, ನಿಮಗೆ ಅಂತ ಎರಡೇ ಹಾಕಿದೀನಿ” ಎಂದಿದ್ದ. ಅಷ್ಟಕ್ಕೇ ಲಾರಿಯಣ್ಣ ಆರೇಳು ಗಿರಾಕಿಗಳೆದುರು ದನಿ ಏರಿಸಿದ.

“ಇದು ಹಗಲು ದರೋಡೆ ಕಣಪ್ಪಾ. ಒಂದು ಬೋಲ್ಟ್ ಬಿಚ್ಚಿ ಹಳೇ ಎಣ್ಣೆ ಬಿಡೋದು, ಹೊಸಾ ಎಣ್ಣೆ ಸುರಿಯೋದು. ಇದಕ್ಕೆ ಇಷ್ಟೊಂದಾ? ಒಂಬತ್ತು ವರ್ಷದಲ್ಲಿ ಒಂದು ದಿನವಾದ್ರೂ ನಿನ್ನ ಕೈಗೆ ಎಣ್ಣೆ ಹತ್ತಿದೆಯಾ? ಮೆತ್ತಗೆ ಕೂತ್ಕೊಂಡು ಜನರ ಜೇಬು ಕತ್ತರಿಸೋದಕ್ಕೆ ಸಂಬಳ ಬೇರೆ.”

ಭಾವಮೈದುನ ಪಟ್ಟಿಯ ಮೇಲೆ ಬಗ್ಗಿದ. ಅವನ ಕಿವಿಗಳು ಕೆಂಪಾದವು, ಅಷ್ಟೇ. ಸುದ್ದಿ ಲಾರಿಗಿಂತ ಮೊದಲೇ ಮನೆ ತಲುಪಿತ್ತು. ಅಂದು ಸಂಜೆ ಹೆಂಡತಿ ತಟ್ಟೆಯನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟು ಒಂದೇ ಮಾತು ಹೇಳಿದಳು. “ರೀ, ಅಷ್ಟು ಸುಲಭವಾದ್ರೆ ನಾಳೆ ನೀವೇ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ಅದೇ ಕೌಂಟರಿನ ಮುಂದೆ ನಿಂತು ನನ್ನ ತಮ್ಮನಿಗೆ ತಪ್ಪಾಯ್ತು ಅನ್ನಬೇಕು.” ಲಾರಿಯಣ್ಣ ಒಪ್ಪಿದ. ಮದುವೆಯಾದಾಗಿನಿಂದ ಅವನು ಆ ಮನೆಯಲ್ಲಿ ಯಾರಿಗೂ ತಪ್ಪಾಯ್ತು ಎಂದವನಲ್ಲ.

ಮಾರನೆಯ ದಿನ ಬೆಳಗ್ಗೆ ಮನೆಯ ಮುಂದೆ ಲಾರಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಳೆಯ ಚಾಪೆ ಹಾಸಿ ಲಾರಿಯಣ್ಣ ಅಡಿಗೆ ತೂರಿದ. ಹೊಸ ಎಣ್ಣೆಯ ಡಬ್ಬಿ, ಹೊಸ ಫಿಲ್ಟರು, ಎರವಲು ತಂದ ಸ್ಪ್ಯಾನರುಗಳು, ಒಂದು ಬೋಗುಣಿ, ಒಂದು ಮೂಟೆ ಬನಿಯನ್ನು, ಎಲ್ಲ ಸಾಲಾಗಿ ಕೂತಿದ್ದವು. ಬೀದಿಯಲ್ಲಿ ಲಾರಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದರೆ ಜನ ಸೇರದೆ ಇರುತ್ತಾರೆಯೇ? ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಹೆಡ್ ಕ್ಲಾರ್ಕರು. ಯಾವ ಕೆಲಸವನ್ನೂ ಮುಟ್ಟದೆ ಎಲ್ಲ ಕೆಲಸವನ್ನೂ ನಡೆಸಿದ ಅನುಭವ ಅವರದು. ಕುರ್ಚಿ ತರಿಸಿಕೊಂಡು ಕೂತು ಮೇಲ್ವಿಚಾರಣೆ ಶುರು ಮಾಡಿದರು. ಮೂಲೆಯ ಅಂಗಡಿಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು ಬಂದ. ಎದುರು ಮನೆಯ ಅಜ್ಜಿ ತಂತಿಯ ಮೇಲೆ ನಾಲ್ಕು ಬಿಳಿ ಹೊದಿಕೆ ಒಣಹಾಕಿ ಅಲ್ಲೇ ನಿಂತರು.

ಅಡಿಯಲ್ಲಿ ನೋಡಿದರೆ ಒಂದು ಬೋಲ್ಟಲ್ಲ, ಹತ್ತಾರು ಬೋಲ್ಟುಗಳಿದ್ದವು. ಯಾವುದೆಂದು ಹೊರಗೆ ಕೇಳುವುದು ಹೇಗೆ? ಲಾರಿಯಣ್ಣ ಒಂದು ಕ್ಷಣ ಬೆವರಿದ. ಆಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ, ಎಲ್ಲಕ್ಕಿಂತ ಕೆಳಗಿದ್ದ ಬೋಲ್ಟನ್ನು ಆರಿಸಿಕೊಂಡ. ದೊಡ್ಡ ಕೆಲಸಕ್ಕೆ ದೊಡ್ಡ ಬೋಲ್ಟೇ ಇರಬೇಕೆಂಬುದು ಅವನ ತರ್ಕ. ಬಿಚ್ಚಿದ. ಮಂದವಾದ ಎಣ್ಣೆ ಬೋಗುಣಿಗೆ ಇಳಿಯಿತು.

ಬೋಗುಣಿ ಹೊರಗೆ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಹಳೆಯ ಇಂಜಿನ್ ಆಯಿಲ್ ಎಂದರೆ ಕಾಡಿಗೆಯಂತಿರುತ್ತದೆ ಎಂದು ಎಲ್ಲರೂ ಕೇಳಿ ಬಲ್ಲರು. ಇದು ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಹೆಡ್ ಕ್ಲಾರ್ಕರು ಬೆರಳದ್ದಿ ಉಜ್ಜಿ ನೋಡಿ ತೀರ್ಪು ಕೊಟ್ಟರು. “ನೋಡಿದ್ರಾ? ಎಣ್ಣೆ ಇನ್ನೂ ಹೇಗಿದೆ ಅಂತ. ಇದನ್ನ ಬದಲಾಯಿಸಬೇಕು ಅಂತ ಬರೆದಿದ್ದಾರಲ್ಲ, ಕಂಪನಿಯವರ ಮೋಸಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?” ಬೇಡ ಎಂದು ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವನು ಲಾರಿಯಣ್ಣ.

ಅನಂತರದ ಕೆಲಸ ಫಿಲ್ಟರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬನಿಯನ್ನು ಸುತ್ತಿ ತಿರುಗಿಸಿದ, ಹಗ್ಗ ಕಟ್ಟಿ ಎಳೆದ, ಕಾಲಲ್ಲಿ ಒದ್ದ. ಹೊರಗಿನಿಂದ ಹೆಡ್ ಕ್ಲಾರ್ಕರು ಆಯ್ತೇ ಎಂದು ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ ಒಳಗಿನಿಂದ ಆಯಿತು ಎಂಬ ಉತ್ತರ ಬಂತು. ಲಾರಿಯಣ್ಣ ಹೊಸ ಫಿಲ್ಟರನ್ನು ಯಾರೂ ನೋಡದಂತೆ ಸೀಟಿನ ಅಡಿಗೆ ತಳ್ಳಿದ. ಆ ದಿನದ ಮೊದಲ ನಾಚಿಕೆ ಅದು. ಚಿಕ್ಕದೆಂದು ಅವನು ನುಂಗಿಕೊಂಡ.

ಡಬ್ಬಿಯ ಅಷ್ಟೂ ಎಣ್ಣೆಯನ್ನು ಮೇಲಿನಿಂದ ಇಂಜಿನ್ನಿಗೆ ಸುರಿದದ್ದಾಯಿತು. ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತು ದಾಟಿ ಎಷ್ಟೋ ಮೇಲೆ ನಿಂತಿತ್ತು. ಲಾರಿಯಣ್ಣನಿಗೆ ಅನುಮಾನ ಬಂದದ್ದು ನಿಜ. ಆದರೆ ಹೆಡ್ ಕ್ಲಾರ್ಕರು, ಕಂಪನಿಯವರು ಕಮ್ಮಿ ಹಾಕಿ ಉಳಿಸಿಕೊಳ್ಳುತ್ತಿದ್ದರು, ಈಗ ಲಾರಿ ಹೊಟ್ಟೆ ತುಂಬ ಕುಡಿದಿದೆ ಎಂದು ಸಮಾಧಾನ ಹೇಳಿದರು. ದರ್ಜಿ ಬೋಗುಣಿ ಹಿಡಿದ ಲಾರಿಯಣ್ಣನ ಫೋಟೋ ತೆಗೆದ. ಮುಖದ ತುಂಬ ಮಸಿ, ಕೈತುಂಬ ಎಣ್ಣೆ, ಹಲ್ಲು ಮಾತ್ರ ಬೆಳ್ಳಗೆ. ಹೆಂಡತಿ ಬಾಗಿಲಿಗೆ ಬಂದು ನೋಡಿದಳು. ನಿನ್ನೆಯಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು. ಆ ಫೋಟೋವನ್ನು ತನಗೂ ಕಳಿಸು ಎಂದು ದರ್ಜಿಗೆ ಹೇಳಿ ಒಳಗೆ ಹೋಗಿ, ಕಾಫಿ ತಂದುಕೊಟ್ಟಳು. ಆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಲಾರಿಯಣ್ಣ ನಿಜವಾಗಿ ಸುಖವಾಗಿದ್ದ.

ಕಾಫಿ ಮುಗಿಸಿ ಸ್ಟಾರ್ಟ್ ಮಾಡಿದ. ಲಾರಿ ಎರಡು ಸಲ ಕೆಮ್ಮಿತು. ಹಿಂದಿನಿಂದ ನೀಲಿ ಹೊಗೆ ಎದ್ದು, ಬೀದಿ ತುಂಬಿ, ಅಜ್ಜಿಯ ನಾಲ್ಕು ಬಿಳಿ ಹೊದಿಕೆಗಳೊಳಗೆ ಹೋಗಿ ಸೇರಿತು. ಅಜ್ಜಿ ಬಾಯಿ ಮುಚ್ಚಿಕೊಂಡು ಏನೋ ಅಂದರು, ಹೊಗೆಯಲ್ಲಿ ಕೇಳಿಸಲಿಲ್ಲ. ಇಂಜಿನ್ನಿನ ಹಳೆಯ ಕೊಳೆ ಹೊರಗೆ ಹೋಗುತ್ತಿದೆ ಎಂದು ಹೆಡ್ ಕ್ಲಾರ್ಕರು ಕೆಮ್ಮುತ್ತಲೇ ವಿವರಿಸಿದರು. ಒಂದು ಸುತ್ತು ಓಡಿಸಿ ನೋಡಿ ಬರುತ್ತೇನೆಂದು ಲಾರಿಯಣ್ಣ ಹೊರಟ. ಜನ ಕೈಬೀಸಿದರು.

ಮೂರು ತಿರುವು ದಾಟುವುದರೊಳಗೆ ಗೇರುಗಳು ಅಳತೊಡಗಿದವು. ಮೊದಲು ಕುಂಯ್ ಎಂದು, ಆಮೇಲೆ ಗಿರಣಿಗೆ ಕಲ್ಲು ಬಿದ್ದಂತೆ. ದೊಡ್ಡ ರಸ್ತೆಯ ಬದಿ, ಪಂಕ್ಚರ್ ಅಂಗಡಿಯೆದುರು ಅವನು ಲಾರಿ ನಿಲ್ಲಿಸಿದ. ಪಂಕ್ಚರಿನವನು ಬಂದು ಕಡ್ಡಿ ಎಳೆದು ನೋಡಿದ, ಬಗ್ಗಿ ಅಡಿಗೆ ಕೈಹಾಕಿದ, ಬೆರಳು ಮೂಸಿದ. ಬೋಗುಣಿಗೆ ಬಂದ ಎಣ್ಣೆಯ ಬಣ್ಣ ಯಾವುದೆಂದು ಕೇಳಿದ. ಜೇನಿನ ಬಣ್ಣ ಎಂದು ಲಾರಿಯಣ್ಣ ಹೇಳಿದ.

“ಅದು ಗೇರ್ ಬಾಕ್ಸಿನ ಎಣ್ಣೆ ಸ್ವಾಮಿ. ಅದನ್ನ ಖಾಲಿ ಮಾಡಿ ಇಂಜಿನ್ನಿಗೆ ಹಳೇದರ ಮೇಲೆ ಹೊಸಾದು ಸುರಿದಿದ್ದಾರೆ. ಇಂಜಿನ್ನಿಗೆ ಎರಡು ಊಟ, ಗೇರ್ ಬಾಕ್ಸಿಗೆ ಉಪವಾಸ. ಇನ್ನು ಒಂದು ಮೈಲಿ ಓಡಿಸಿದ್ರೆ ಗುಜರಿಗೆ ತೂಕಕ್ಕೆ ಹಾಕಬೇಕಾಗುತ್ತೆ. ಯಾರು ಮಾಡಿದ್ದು ಈ ಕೆಲಸ?”

ಯಾರೋ ಒಬ್ಬ ಎಂದು ಲಾರಿಯಣ್ಣ ನೆಲ ನೋಡಿದ. ಪಂಕ್ಚರಿನವನು ಅವನ ಮುಖದ ಮಸಿ ನೋಡಿದ, ಹೆಚ್ಚು ಕೇಳಲಿಲ್ಲ. ಗೇರ್ ಬಾಕ್ಸ್ ಬಿಚ್ಚಿ ನೋಡುವ ಸಾಮಾನು ತನ್ನಲ್ಲಿಲ್ಲ, ಕಂಪನಿಗೇ ಒಯ್ಯಬೇಕು ಎಂದ.

ಕಂಪನಿ ಎಂಬ ಮಾತು ಕೇಳಿ ಲಾರಿಯಣ್ಣ ಲಾರಿಯ ಸುತ್ತ ಒಂದು ಸುತ್ತು ಬಂದ. ಹೋದರೆ ಅದೇ ಕೌಂಟರು, ಅದೇ ಭಾವಮೈದುನ. ಹೋಗದಿದ್ದರೆ ಅನ್ನ ಕೊಡುವ ಲಾರಿ ಬೀದಿಯಲ್ಲಿ. ಹೆಂಡತಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿಬಿಡೋಣವೆಂದುಕೊಂಡ. ಅವಳು ಅವನಿಗೆ ಮಾತಾಡಲು ಬಿಡಲಿಲ್ಲ. ಆ ಫೋಟೋವನ್ನು ತಮ್ಮನಿಗೆ ಕಳಿಸಿದ್ದಳಂತೆ. ‘ನಿನ್ನ ಭಾವ ಒಂದೇ ಗಂಟೆಯಲ್ಲಿ ಮುಗಿಸಿದರು’ ಎಂದೂ ಬರೆದಿದ್ದಳಂತೆ. ಅವನು ‘ಸರಿ ಅಕ್ಕ’ ಎಂದಷ್ಟೇ ಉತ್ತರ ಕೊಟ್ಟನಂತೆ. ತಾನು ಸುಮ್ಮನೆ ಅವನ ಪರ ವಹಿಸಿ ಸಿಟ್ಟು ಮಾಡಿಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಇಷ್ಟು ಮೆತ್ತಗೆ ಅವಳು ಮಾತಾಡಿ ವರ್ಷಗಳಾಗಿದ್ದವು. ಲಾರಿಯಣ್ಣ, ದಾರಿಯಲ್ಲಿ ಒಂದು ಬಾಡಿಗೆ ಸಿಕ್ಕಿದೆ, ಸಂಜೆ ಬರುತ್ತೇನೆ ಎಂದು ಹೇಳಿ ಫೋನು ಇಟ್ಟ. ಇದು ಮೂರನೆಯ ಸುಳ್ಳು, ಮೊದಲಿನೆರಡಕ್ಕಿಂತ ದೊಡ್ಡದು. ಅವನಿಗೆ ತನ್ನ ದನಿಯೇ ಹೇಸಿಗೆಯೆನಿಸಿತು.

ಎಳೆದುಕೊಂಡು ಹೋಗಲು ಸಿಕ್ಕಿದ್ದು ಕಸ ಸಾಗಿಸುವ ಟ್ರ್ಯಾಕ್ಟರು. ಹಗ್ಗ ಕಟ್ಟುವುದರಲ್ಲಿ ಮಾತ್ರ ಲಾರಿಯಣ್ಣ ಯಾರ ಸಹಾಯವನ್ನೂ ಕೇಳಲಿಲ್ಲ. ಮುಂದೆ ಕಸ, ಹಿಂದೆ ಅವನು. ಊರಿನ ನಡುರಸ್ತೆಯಲ್ಲಿ ಆ ಮೆರವಣಿಗೆ ಹೋಗುವಾಗ ಅವನು ತಲೆಗೆ ಟವೆಲು ಸುತ್ತಿ, ಸ್ಟಿಯರಿಂಗಿನ ಹಿಂದೆ ಎಷ್ಟು ಇಳಿಯಬಹುದೋ ಅಷ್ಟು ಇಳಿದು ಕೂತ. ದೂರದಿಂದ ನೋಡಿದವರಿಗೆ ಲಾರಿಯಲ್ಲಿ ಯಾರೂ ಇಲ್ಲವೆನಿಸುತ್ತಿತ್ತು. ಅವನ ಆಸೆಯೂ ಅದೇ ಆಗಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹೋದ ತಿಂಗಳು ಅವನೇ ಸಾಮಾನು ಸಾಗಿಸಿಕೊಟ್ಟಿದ್ದ ಮನೆಯವರೊಬ್ಬರು ಲಾರಿಯ ಗುರುತು ಹಿಡಿದು ಹತ್ತಿರ ಬಂದು ಏನಾಯಿತೆಂದು ಕೇಳಿದರು. ಅವನು ಟವೆಲಿನೊಳಗಿಂದ, ಯಜಮಾನರು ಊರಲ್ಲಿಲ್ಲ, ತಾನು ಅವರ ಡ್ರೈವರು ಎಂದ.

ಸರ್ವೀಸ್ ಸೆಂಟರಿಗೆ ಹಿಂದಿನ ಗೇಟಿನಿಂದ ಹೋದ. ಗಾಜಿನ ಬಾಗಿಲ ಮರೆಯಿಂದ ಕೌಂಟರಿನತ್ತ ಇಣುಕಿದ. ಭಾವಮೈದುನನ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಹೂವಿನ ದಿಂಬೂ ಇರಲಿಲ್ಲ. ಲಾರಿಯಣ್ಣನಿಗೆ ಹೋದ ಜೀವ ಬಂತು. ನಿನ್ನೆ ರಜೆಯಲ್ಲಿದ್ದ ಪಕ್ಕದ ಕುರ್ಚಿಯ ಹುಡುಗಿ ಪಟ್ಟಿ ಬರೆಯುತ್ತ, ಇಲ್ಲಿ ಕೆಲಸ ಮಾಡುವವರ ನೆಂಟರಾಗಿದ್ದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದಳು. ಅವನು ನೆಂಟರ ಹೆಸರು ಹೇಳದೆ, ಆ ಕುರ್ಚಿಯವರು ಇಲ್ಲವೇ ಎಂದು ಮಾತ್ರ ಕೇಳಿದ. ಅವರು ಬೆಳಗ್ಗೆಯೇ ಹೋದರು ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಹೋದದ್ದೇ ತನ್ನ ಪುಣ್ಯವೆಂದುಕೊಂಡ.

ವರ್ಕ್‌ಶಾಪಿನ ದೊಡ್ಡ ಮೇಸ್ತ್ರಿ ಬಂದು ಲಾರಿಯ ಅಡಿ ನೋಡಿದರು. ಮೂವತ್ತು ವರ್ಷ ಲಾರಿಗಳ ಅಡಿಯಲ್ಲಿ ಕಳೆದ ಮನುಷ್ಯ. ಇದನ್ನು ಯಾರು ಸರ್ವೀಸ್ ಮಾಡಿದರು ಎಂದು ಅವರೂ ಕೇಳಿದರು. ರಸ್ತೆ ಬದಿಯ ಒಬ್ಬ ಮೆಕ್ಯಾನಿಕ್ ಎಂದು ಲಾರಿಯಣ್ಣ ಹೇಳಿದ. ಅಂಥವರ ಕೈಗೆ ವಾಹನ ಕೊಡಬಾರದು ಎಂದಳು ಕೌಂಟರಿನ ಹುಡುಗಿ. ಅವನಿಗೆ ಬುದ್ಧಿಯಿಲ್ಲ ಎಂದು ಲಾರಿಯಣ್ಣ ದನಿಗೂಡಿಸಿದ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಕೇಳುವುದಕ್ಕೆ ಅವನಿಗೆ ಜಂಬ ಎಂದ. ದುಡಿಯುವವರನ್ನು ಕಳ್ಳರು ಅನ್ನುತ್ತಾನೆ, ತನಗೆ ಮೂರು ಕಾಸಿನ ಕೆಲಸ ಬರುವುದಿಲ್ಲ ಎಂದ. ಬೈಯುತ್ತ ಬೈಯುತ್ತ ಅವನ ದನಿ ಏರುತ್ತ ಹೋಯಿತು. ಹುಡುಗಿ ಗಾಬರಿಯಾಗಿ, ಹೋಗಲಿ ಬಿಡಿ ಸಾರ್ ಎಂದಳು.

ಮೇಸ್ತ್ರಿ ಆಗಲೇ ಸೀಟಿನ ಅಡಿಯಿಂದ ಹೊಸ ಫಿಲ್ಟರನ್ನು ಹೊರಗೆ ತೆಗೆದಿದ್ದರು. ಅದನ್ನು ನೋಡಿದರು, ಲಾರಿಯಣ್ಣನ ಉಗುರುಗಳನ್ನು ನೋಡಿದರು. ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಡಬ್ಬಿಯಿಂದ ಕಿತ್ತಳೆ ವಾಸನೆಯ ಹಸಿರು ಸೋಪು ತೆಗೆದು ಅಂಗೈಗೆ ಹಾಕಿದರು. “ಮೊದಲು ಒಣಗಿದ ಕೈಗೇ ಉಜ್ಜಿ, ಆಮೇಲೆ ನೀರು. ಉಗುರಿನ ಸಂದಿಯಲ್ಲೂ ಹೋಗುತ್ತೆ” ಎಂದರು. ಒರೆಸಿಕೊಳ್ಳಲು ಒಂದು ಹೊಸ ಬಟ್ಟೆ ಕೊಟ್ಟರು. ಬೈದಿದ್ದರೆ ಲಾರಿಯಣ್ಣ ಎದುರುತ್ತರ ಕೊಡಬಹುದಿತ್ತು. ಈ ಮರ್ಯಾದೆಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ತಲೆತಗ್ಗಿಸಿ ಕೈ ಉಜ್ಜಿದ, ಬೇಕಾದದ್ದಕ್ಕಿಂತ ಬಹಳ ಹೊತ್ತು.

ಕೆಲಸ ಮುಗಿಯುವಾಗ ಸಂಜೆಯಾಯಿತು. ಗೇರ್ ಬಾಕ್ಸ್ ಬದುಕಿಕೊಂಡಿತ್ತು. ಬಿಲ್ಲು ನಿನ್ನೆಯ ಅಂದಾಜಿನ ಒಂದೂವರೆ ಪಟ್ಟಾಗಿತ್ತು. ಕೊನೆಯ ಸಾಲಿನಲ್ಲಿ ‘ಒರೆಸುವ ಬಟ್ಟೆ – ಮೂರು’ ಎಂದಿತ್ತು. ಲಾರಿಯಣ್ಣ ಅಷ್ಟೂ ಹಣ ಎಣಿಸಿ ಕೊಟ್ಟು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗಿಟ್ಟ.

ಮನೆಯ ದಾರಿಯಲ್ಲಿ ಲಾರಿ ಬೆಣ್ಣೆಯಂತೆ ಓಡುತ್ತಿತ್ತು. ಅದು ಚೆನ್ನಾಗಿ ಓಡಿದಷ್ಟೂ ಅವನಿಗೆ ಮುಜುಗರವಾಯಿತು. ಇನ್ನು ಸಾಕು, ಹೆಂಡತಿಗೆ ಎಲ್ಲ ಹೇಳಿಬಿಡುವುದು, ಭಾವಮೈದುನನ ಮನೆಗೆ ಹೋಗಿ ತಪ್ಪಾಯ್ತು ಎನ್ನುವುದು ಎಂದು ಗಟ್ಟಿಮಾಡಿಕೊಂಡ. ತಪ್ಪಾಯ್ತು ಎಂಬ ಮಾತು ಬಾಯಿಗೆ ಹೊಂದಲೆಂದು ಎರಡು ಸಲ ಗಟ್ಟಿಯಾಗಿ ಹೇಳಿಯೂ ನೋಡಿದ.

ಬೀದಿಗೆ ತಿರುಗಿದರೆ ಮನೆಯ ಮುಂದೆ ಅರ್ಧ ಬೀದಿ ನೆರೆದಿತ್ತು. ಇಂಜಿನ್ನಿನ ಸದ್ದಿಗೆ ಎಲ್ಲರೂ ಕಿವಿಗೊಟ್ಟರು. ಹೊಗೆಯಿಲ್ಲ, ಕೆಮ್ಮಿಲ್ಲ. ಕಂಪನಿಯಲ್ಲಿ ಮಾಡಿಸಿದರೂ ಹೀಗಾಗುವುದಿಲ್ಲ ಎಂದು ಹೆಡ್ ಕ್ಲಾರ್ಕರು ಹೇಳಿದರು. ಎದುರು ಮನೆಯ ಅಜ್ಜಿ ಕೂಡ ಹೊಗೆ ಹಿಡಿದ ಹೊದಿಕೆಗಳನ್ನು ಮರೆತು ಮೆಚ್ಚಿಗೆಯಿಂದ ನೋಡಿದರು. ಜನರ ನಡುವಿನಿಂದ ಭಾವಮೈದುನ ಮುಂದೆ ಬಂದ. ಅವನ ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಹೂವಿನ ದಿಂಬು.

ದಿಂಬು ಕಂಡದ್ದೇ ಲಾರಿಯಣ್ಣನಿಗೆ ಖಾಲಿ ಕುರ್ಚಿಯ ಅರ್ಥವಾಯಿತು. ಅರ್ಥವಾಗದಿರಲಿ ಎಂದು ಅವನು ಬೇಡಿಕೊಂಡ.

“ಕೆಲಸ ಬಿಟ್ಟು ಬಂದೆ ಭಾವ. ನಿನ್ನೆ ನೀವು ಕೇಳಿದ್ದು ರಾತ್ರಿಯಿಡೀ ಕೊರೀತಾ ಇತ್ತು. ಬೆಳಗ್ಗೆ ಅಕ್ಕ ಕಳಿಸಿದ ಫೋಟೋ ನೋಡಿದೆ. ಒಂದೇ ಗಂಟೆ. ಮ್ಯಾನೇಜರ್ ಹತ್ರ ಹೋಗಿ, ಎಲ್ಲ ಗಿರಾಕಿಗಳ ಮುಂದೆ, ಇದು ಹಗಲು ದರೋಡೆ ಅಂತ ನಿಮ್ಮ ಮಾತನ್ನೇ ಹೇಳಿ ಬಂದುಬಿಟ್ಟೆ. ಇನ್ನು ಅಲ್ಲಿಗೆ ಮುಖ ತೋರಿಸೋ ಹಾಗಿಲ್ಲ.”

ಉಳಿದದ್ದನ್ನು ಬೀದಿಯೇ ಸೇರಿ ತೀರ್ಮಾನಿಸಿಯಾಗಿತ್ತು. ಭಾವ, ಭಾವಮೈದುನ ಇಬ್ಬರೂ ಸೇರಿ ಮನೆಯ ಮುಂದೆಯೇ ಸರ್ವೀಸ್ ಶುರು ಮಾಡುವುದು. ಭಾವಮೈದುನನಿಗೆ ಸ್ಪ್ಯಾನರು ಹಿಡಿಯಲು ಬಾರದು, ಆದ್ದರಿಂದ ಅವನು ಕೂತು ಬರೆದುಕೊಳ್ಳುವುದು, ಲಾರಿಯಣ್ಣ ಅಡಿಗೆ ಹೋಗುವುದು. ಹೆಡ್ ಕ್ಲಾರ್ಕರು ಬೋರ್ಡಿಗೆ ಒಕ್ಕಣೆ ಬರೆದಿದ್ದರು. ದರ್ಜಿ ನೀಲಿ ಬಟ್ಟೆಯಲ್ಲಿ ಇಬ್ಬರಿಗೂ ಯೂನಿಫಾರ್ಮು ಹೊಲಿದುಕೊಡುವುದಾಗಿ ಹೇಳಿದ. ಪಕ್ಕದ ಬೀದಿಯ ಇಬ್ಬರು ನಾಳೆ ಬೆಳಗ್ಗೆಗೆ ತಮ್ಮ ಗಾಡಿ ತರುತ್ತೇವೆಂದು ಹೇಳಿಹೋಗಿದ್ದರು. ಬಾಗಿಲಲ್ಲಿ ನಿಂತ ಹೆಂಡತಿಯ ಕಣ್ಣು ತೇವವಾಗಿತ್ತು. ಗಂಡ ಮತ್ತು ತಮ್ಮ ಒಂದಾದದ್ದನ್ನು ಅವಳು ನೋಡಿದ್ದು ಅಂದೇ ಮೊದಲು.

ಲಾರಿಯಣ್ಣ ಇಳಿದು ನಿಂತು, ದಾರಿಯಲ್ಲಿ ಅಭ್ಯಾಸ ಮಾಡಿದ್ದನ್ನು ಹೇಳಿದ. “ತಪ್ಪಾಯ್ತು ಕಣಪ್ಪಾ. ನಂದೇ ತಪ್ಪು.”

ಇಷ್ಟು ದೊಡ್ಡ ಕೆಲಸಗಾರನಿಗೆ ಎಂಥ ವಿನಯ ನೋಡಿ ಎಂದು ಹೆಡ್ ಕ್ಲಾರ್ಕರು ಜನರ ಕಡೆ ತಿರುಗಿದರು. ಜನ ಚಪ್ಪಾಳೆ ತಟ್ಟಿದರು. ಭಾವಮೈದುನ ದಿಂಬನ್ನು ಲಾರಿಯ ಮೇಲಿಟ್ಟು, ತಪ್ಪು ನಿಮ್ಮದಲ್ಲ, ಒಂಬತ್ತು ವರ್ಷ ಕಣ್ಣು ಮುಚ್ಚಿ ಕೂತ ನನ್ನದು ಎಂದು ಲಾರಿಯಣ್ಣನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳಲು ಮುಖದ ಹತ್ತಿರ ತಂದ.

ತಂದವನು ಅಲ್ಲೇ ನಿಂತ. ಬೆಳಗಿನ ಫೋಟೋದಲ್ಲಿ ಮಸಿ ಮೆತ್ತಿದ್ದ ಆ ಕೈಗಳಲ್ಲಿ ಉಗುರಿನ ಸಂದಿ ಕೂಡ ಬೆಳ್ಳಗಿತ್ತು. ಕಿತ್ತಳೆ ವಾಸನೆ ಬರುತ್ತಿತ್ತು. ಒಂಬತ್ತು ವರ್ಷ, ಕೆಲಸ ಮುಗಿಸಿ ಬಿಲ್ಲು ಬರೆಸಲು ಕೌಂಟರಿಗೆ ಬಂದ ಒಬ್ಬೊಬ್ಬ ಮೆಕ್ಯಾನಿಕ್ಕಿನ ಕೈಯಿಂದಲೂ ಅವನ ಮೂಗಿಗೆ ಬಡಿದಿದ್ದ ವಾಸನೆ ಅದು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಭಾವಮೈದುನ ಕೈ ಬಿಡದೆ, ಅವನಿಗೆ ಮಾತ್ರ ಕೇಳುವಂತೆ ಬಗ್ಗಿದ.

“ಭಾವ, ಒರೆಸೋ ಬಟ್ಟೆ ಎಷ್ಟು ಹಾಕಿದ್ರು?”

“ಮೂರು” ಎಂದ ಲಾರಿಯಣ್ಣ.

“ನಾನಿದ್ದಿದ್ರೆ ಎರಡೇ ಹಾಕ್ತಿದ್ದೆ.”

ಹಿಂದಿನಿಂದ ದರ್ಜಿ ಟೇಪು ಬಿಚ್ಚಿಕೊಂಡು ಬಂದು, ಅಳತೆ ತೆಗೆಯಬೇಕು, ಕೈ ಎತ್ತಿ ಎಂದ. ಲಾರಿಯಣ್ಣ ಎರಡೂ ಕೈಗಳನ್ನು ಎತ್ತಿದ.